ಒಂದೇ ಬಾಡಿ, ಎರಡು ಸೆನ್ಸರ್: ಸೋನಿ ಎ7ಆರ್ ಮತ್ತು ಎ7ಎಸ್ ಕಥೆ

1/9
2013ರ ಅಕ್ಟೋಬರ್‌ನಲ್ಲಿ ಸೋನಿ ಒಂದು ಮಿರರ್‌ಲೆಸ್ ಕ್ಯಾಮೆರಾ ತೋರಿಸ್ತು. ಹೆಸರು ಎ7ಆರ್. ಒಳಗೆ 36.4 ಮೆಗಾಪಿಕ್ಸೆಲ್ ಸೆನ್ಸರ್. ಆರು ತಿಂಗಳಾದ ಮೇಲೆ, 2014ರ ಏಪ್ರಿಲ್‌ನಲ್ಲಿ, ನೋಡೋಕೆ ಹೆಚ್ಚುಕಮ್ಮಿ ಅದರ ಅವಳಿ ಥರಾನೇ ಇರೋ ಇನ್ನೊಂದು ಬಂತು. ಹೆಸರು ಎ7ಎಸ್. ಒಳಗೆ 12.2 ಮೆಗಾಪಿಕ್ಸೆಲ್. ಅಂದ್ರೆ ಮೂರನೇ ಒಂದು ಭಾಗ!

ಹಾಗಾದ್ರೆ ಬೆಲೆ ಕಮ್ಮಿ ಇರಬೇಕಲ್ವಾ? ಇಲ್ಲ. ಅಮೆರಿಕದಲ್ಲಿ ಆರ್ ಬಾಡಿಗೆ ಸುಮಾರು 2,300 ಡಾಲರ್, ಎಸ್ ಬಾಡಿಗೆ ಸುಮಾರು 2,500 ಡಾಲರ್. ಕಮ್ಮಿ ಪಿಕ್ಸೆಲ್‌ಗೆ ಜಾಸ್ತಿ ದುಡ್ಡು.

ನಮ್ಮ ಕ್ಲಾಸಲ್ಲೇ ಇಬ್ಬರು ಮದುವೆ ಶೂಟ್‌ಗೆ ಅಸಿಸ್ಟೆಂಟ್ ಆಗಿ ಹೋಗಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾಗೆ ಅಂತ ದುಡ್ಡು ಕೂಡಿಡ್ತಿದ್ದಾರೆ. ಇನ್ನೂ ಕೆಲವರು ಇಎಂಐ ಲೆಕ್ಕ ಹಾಕ್ತಿದ್ದಾರೆ. ಎಲ್ಲರೂ ಕೇಳೋ ಮೊದಲ ಪ್ರಶ್ನೆ ಒಂದೇ: "ಮಗಾ, ಎಷ್ಟು ಮೆಗಾಪಿಕ್ಸೆಲ್?" ಯೂಟ್ಯೂಬ್ ನೋಡಿ ಸ್ವಲ್ಪ ತಿಳ್ಕೊಂಡವರು ಉಲ್ಟಾ ಹೊಡೀತಾರೆ: "ಪಿಕ್ಸೆಲ್ ಕಮ್ಮಿ ಇದ್ರೇನೇ ಕತ್ತಲಲ್ಲಿ ಚೆನ್ನಾಗಿ ಬರೋದು." ನನ್ನ ಪ್ರಕಾರ ಎರಡೂ ಅರ್ಧ ಸತ್ಯ. ಯಾಕೆ ಅಂತ ಹೇಳೋಕೆ ಸೆನ್ಸರ್ ಹುಟ್ಟಿದ ಕಡೆಯಿಂದ ಬರಬೇಕು. ಸ್ವೈಪ್ ಮಾಡ್ತಾ ಬನ್ನಿ.

2/9
1969ರ ಅಕ್ಟೋಬರ್, ಅಮೆರಿಕದ ನ್ಯೂಜೆರ್ಸಿ, ಬೆಲ್ ಲ್ಯಾಬ್ಸ್. ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅನ್ನೋ ಇಬ್ಬರು ಕೂತು ಚರ್ಚೆ ಮಾಡ್ತಾ ಸುಮಾರು ಒಂದು ಗಂಟೆಯೊಳಗೆ ಒಂದು ಚಿಪ್‌ನ ಚಿತ್ರ ಬೋರ್ಡ್ ಮೇಲೆ ಬರೆದ್ರು. ತಮಾಷೆ ಏನಂದ್ರೆ ಅವರು ಯೋಚಿಸ್ತಿದ್ದದ್ದು ಕ್ಯಾಮೆರಾ ಬಗ್ಗೆ ಅಲ್ಲ, ಕಂಪ್ಯೂಟರ್ ಮೆಮೊರಿ ಬಗ್ಗೆ. ಅದೇ ಸಿಸಿಡಿ.

ಅದು ಕೆಲಸ ಮಾಡೋ ರೀತಿ ಸುಲಭ. ಬಾವಿ ಹತ್ತಿರದಿಂದ ಅಡುಗೆಮನೆವರೆಗೆ ಜನ ಸಾಲಾಗಿ ನಿಂತು ನೀರಿನ ಕೊಡ ಕೈಯಿಂದ ಕೈಗೆ ದಾಟಿಸ್ತಾರಲ್ಲ, ಹಾಗೆ. ಬೆಳಕು ಬಿದ್ದಾಗ ಪ್ರತಿ ಪಿಕ್ಸೆಲ್‌ನಲ್ಲೂ ಒಂದಿಷ್ಟು ಎಲೆಕ್ಟ್ರಾನ್ ಸೇರ್ಕೊಳ್ಳುತ್ತೆ. ಆ ಎಲೆಕ್ಟ್ರಾನ್ ಗುಂಪನ್ನ ಪಕ್ಕದ ಪಿಕ್ಸೆಲ್‌ಗೆ, ಅಲ್ಲಿಂದ ಅದರ ಪಕ್ಕಕ್ಕೆ ದಾಟಿಸ್ತಾ ಹೋಗಿ, ಚಿಪ್‌ನ ಮೂಲೆಯಲ್ಲಿ ಅಳೀತಾರೆ. ಎಲ್ಲರ ಕೊಡಾನೂ ಅಳೆಯೋದು ಒಂದೇ ಬಾಗಿಲಲ್ಲಿ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಈ ಕೆಲಸಕ್ಕೆ ಇಬ್ಬರಿಗೂ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಲವತ್ತು ವರ್ಷ ಆದ್ಮೇಲೆ!

3/9
ಈಗ ಕೊಡಾಕ್. ಬಿಕಾಂನವರಿಗೆ ಈ ಹೆಸರು ಕೇಸ್ ಸ್ಟಡಿಯಾಗಿ ಗೊತ್ತು: ಫಿಲ್ಮ್ ಕಂಪನಿ, ಡಿಜಿಟಲ್ ಬಂತು, 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕ್ತು, ಮುಗೀತು. ಆದ್ರೆ ಡಿಜಿಟಲ್ ಹುಟ್ಟಿದ್ದೇ ಅದರ ಮನೇಲಿ ಅನ್ನೋದನ್ನ ನೋಟ್ಸ್‌ನಲ್ಲಿ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ.

1975ರಲ್ಲಿ ಕೊಡಾಕ್‌ನ ಯುವ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಒಂದು ಡಬ್ಬ ಜೋಡಿಸಿದ. ತೂಕ ಮೂರೂವರೆ ಕೆಜಿ ಮೇಲೆ. ಅದರಲ್ಲಿದ್ದ ಸಿಸಿಡಿ 100 ಅಡ್ಡ, 100 ಉದ್ದ, ಒಟ್ಟು 10,000 ಪಿಕ್ಸೆಲ್. ಅಂದ್ರೆ 0.01 ಮೆಗಾಪಿಕ್ಸೆಲ್, ಅದೂ ಕಪ್ಪು ಬಿಳುಪು. ಒಂದು ಫೋಟೊ ಕ್ಯಾಸೆಟ್ ಟೇಪ್ ಮೇಲೆ ದಾಖಲಾಗೋಕೆ 23 ಸೆಕೆಂಡ್.

ಅದೇ ಕಂಪನಿಯ ಬ್ರೈಸ್ ಬೇಯರ್‌ಗೆ 1976ರಲ್ಲಿ ಒಂದು ಪೇಟೆಂಟ್ ಸಿಕ್ತು. ಸೆನ್ಸರ್‌ಗೆ ಬಣ್ಣ ಗೊತ್ತಾಗಲ್ಲ, ಬೆಳಕಿನ ಪ್ರಮಾಣ ಮಾತ್ರ ಗೊತ್ತಾಗುತ್ತೆ. ಹಾಗಾಗಿ ಪ್ರತಿ ಪಿಕ್ಸೆಲ್ ಮೇಲೂ ಒಂದೊಂದು ಬಣ್ಣದ ಗಾಜು ಇಟ್ಟ ಹಾಗೆ ಮಾಡೋದು: ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಸಿರು ಎರಡು ಯಾಕೆ ಅಂದ್ರೆ ನಮ್ಮ ಕಣ್ಣು ಸೂಕ್ಷ್ಮ ವಿವರ ಗುರುತಿಸೋದು ಹೆಚ್ಚಾಗಿ ಹಸಿರಿನ ಕಡೆಯ ಬೆಳಕಲ್ಲಿ. ಎ7ಆರ್, ಎ7ಎಸ್, ನಿಮ್ಮ ಜೇಬಲ್ಲಿರೋ ಫೋನ್, ಎಲ್ಲದರಲ್ಲೂ ಇವತ್ತಿಗೂ ಇದೇ ಲೆಕ್ಕದ ಬಣ್ಣ.

4/9
ಸಿಸಿಡಿ ದಾರೀನ ಗಟ್ಟಿಯಾಗಿ ಹಿಡಿದವನು ಸೋನಿಯ ಕಜುವೊ ಇವಾಮಾ. ಈ ಮನುಷ್ಯನ ಕಥೆ ನನಗೆ ತುಂಬಾ ಇಷ್ಟ.

1970ರ ದಶಕದ ಶುರುವಲ್ಲಿ ಇವಾಮಾ ಸೋನಿಯ ಅಮೆರಿಕ ಶಾಖೆಯ ಮುಖ್ಯಸ್ಥ. ಬೆಲ್ ಲ್ಯಾಬ್ಸ್‌ನಲ್ಲಿ ಸಿಸಿಡಿ ನೋಡಿ ಬಂದ. ಜಪಾನ್‌ಗೆ ವಾಪಸ್ ಹೋದವನು ಐದು ವರ್ಷದಲ್ಲಿ 50,000 ಯೆನ್‌ಗೆ ಮಾರೋ ಕ್ಯಾಮೆರಾ ಬೇಕು ಅಂತ ಗುರಿ ಇಟ್ಟ. ಬೇರೆ ಎಲೆಕ್ಟ್ರಾನಿಕ್ಸ್ ಕಂಪನಿಗಳಲ್ಲ, ಕೊಡಾಕೇ ನಮ್ಮ ಎದುರಾಳಿ ಅಂತ ತನ್ನವರಿಗೆ ಹೇಳಿದ. ಐದು ವರ್ಷದಲ್ಲಿ ಆಗಲಿಲ್ಲ. ಚಿಪ್ ಮೇಲೆ ಒಂದು ಧೂಳಿನ ಕಣ ಬಿದ್ರೂ ಚಿಪ್ ಹಾಳು. ದುಡ್ಡು ಹೋಗ್ತಾನೇ ಇತ್ತು, ವಾಪಸ್ ಬರ್ತಿರಲಿಲ್ಲ. ನಮ್ಮ ಕಾಸ್ಟಿಂಗ್ ಲೆಕ್ಕದಲ್ಲಿ ಇದು ಯಾವತ್ತೋ ಬಂದ್ ಮಾಡಬೇಕಿದ್ದ ಪ್ರಾಜೆಕ್ಟ್.

1980ರಲ್ಲಿ ಸೋನಿಯ ಮೊದಲ ಸಿಸಿಡಿ ಬಣ್ಣದ ಕ್ಯಾಮೆರಾ ಹೊರಬಂತು. ಅದು ಹೋಗಿ ಕೂತದ್ದು ಎಎನ್‌ಎ ವಿಮಾನ ಕಂಪನಿಯ ಜಂಬೋ ಜೆಟ್‌ಗಳಲ್ಲಿ, ವಿಮಾನ ಏರೋದು ಇಳಿಯೋದು ಪ್ರಯಾಣಿಕರಿಗೆ ಪರದೆ ಮೇಲೆ ಕಾಣಲಿ ಅಂತ. 1982ರಲ್ಲಿ ಇವಾಮಾ ತೀರಿಕೊಂಡ. ಸಿಸಿಡಿಯ ದೊಡ್ಡ ಲಾಭ ಅವನು ನೋಡಲೇ ಇಲ್ಲ. ಅವನ ಸಮಾಧಿ ಕಲ್ಲಿಗೆ ಒಂದು ಸಿಸಿಡಿ ಚಿಪ್ ಅಂಟಿಸಿದ್ರು.

5/9
ಚಿಕ್ಕ ಪೋಸ್ಟ್, ಆದ್ರೆ ಇದನ್ನ ಬಿಟ್ರೆ ಮುಂದಿನದು ಅರ್ಥ ಆಗಲ್ಲ.

ಸಿಸಿಡಿಯ ಕೊಡದ ಸಾಲು ನಿಧಾನ, ಕರೆಂಟೂ ಜಾಸ್ತಿ. 1990ರ ದಶಕದಲ್ಲಿ ನಾಸಾದ ಜೆಪಿಎಲ್ ಲ್ಯಾಬ್‌ನಲ್ಲಿ ಎರಿಕ್ ಫಾಸಮ್ ಮತ್ತು ತಂಡ, ಬಾಹ್ಯಾಕಾಶ ನೌಕೆಗೆ ಚಿಕ್ಕ ಕ್ಯಾಮೆರಾ ಬೇಕು ಅಂತ, ಸಿಮಾಸ್ ಸೆನ್ಸರ್ ಬೆಳೆಸಿದ್ರು. ಇದರಲ್ಲಿ ಪ್ರತಿ ಪಿಕ್ಸೆಲ್‌ಗೂ ತನ್ನದೇ ಆಂಪ್ಲಿಫೈಯರ್. ಕೊಡ ದಾಟಿಸೋ ಕೆಲಸವೇ ಇಲ್ಲ.

2007ರಲ್ಲಿ ಸೋನಿ ಇನ್ನೊಂದು ಹೆಜ್ಜೆ ಇಟ್ತು: ಎಕ್ಸ್‌ಮಾರ್. ಸೆನ್ಸರ್‌ನ ಪ್ರತಿ ಕಂಬಸಾಲಿಗೂ ಒಂದೊಂದು ಅಳೆಯೋ ಸರ್ಕ್ಯೂಟ್. ಒಂದೇ ಕೌಂಟರ್ ಮುಂದೆ ಕ್ಯೂ ನಿಲ್ಲೋ ಬದಲು ಸಾವಿರಾರು ಕೌಂಟರ್ ಒಟ್ಟಿಗೆ ತೆರೆದ ಹಾಗೆ. ಪ್ರತಿ ಕೌಂಟರ್‌ಗೂ ಅವಸರ ಇಲ್ಲ, ಹಾಗಾಗಿ ಅಳತೆಯಲ್ಲಿ ತಪ್ಪು ಕಮ್ಮಿ.

2006ರಲ್ಲಿ ಕೊನಿಕಾ ಮಿನೋಲ್ಟಾದ ಕ್ಯಾಮೆರಾ ವ್ಯವಹಾರವನ್ನ ಸೋನಿ ಕೊಂಡುಕೊಂಡಿತ್ತು. ಜೊತೆಗೆ ಸೆನ್ಸರ್‌ನ ಬೇರೆ ಕ್ಯಾಮೆರಾ ಕಂಪನಿಗಳಿಗೂ ಮಾರ್ತಿತ್ತು. 2012ರಲ್ಲಿ ಹವಾ ಎಬ್ಬಿಸಿದ ನಿಕಾನ್ ಡಿ800ರ 36 ಮೆಗಾಪಿಕ್ಸೆಲ್ ಸೆನ್ಸರ್ ಸೋನಿಯದೇ. ಎದುರಾಳಿಗೆ ಕತ್ತಿ ಮಾರಿ ಅವನ ಜೊತೆಗೇ ಯುದ್ಧ ಮಾಡೋದು!

6/9
ಈಗ ನಮ್ಮ ಎರಡು ಕ್ಯಾಮೆರಾ. ಆರ್ ಅಂದ್ರೆ ರೆಸಲ್ಯೂಷನ್, ಎಸ್ ಅಂದ್ರೆ ಸೆನ್ಸಿಟಿವಿಟಿ. ಹೆಸರಲ್ಲೇ ಜಾಹೀರಾತು ಇದೆ, ಅದನ್ನ ಪಕ್ಕಕ್ಕಿಟ್ಟು ಲೆಕ್ಕ ಮಾಡೋಣ.

ಎರಡೂ ಫುಲ್ ಫ್ರೇಮ್. ಸೆನ್ಸರ್ ಅಗಲ ಸುಮಾರು 36 ಮಿ.ಮೀ., ಎತ್ತರ ಸುಮಾರು 24 ಮಿ.ಮೀ. ಗುಣಿಸಿದ್ರೆ 864 ಚದರ ಮಿಲಿಮೀಟರ್. ಇದನ್ನ ಒಂದು ಹೊಲ ಅಂದ್ಕೊಳ್ಳಿ. ಆರ್ ಈ ಹೊಲವನ್ನ 3.6 ಕೋಟಿ ಮಡಿ ಮಾಡಿದೆ, ಎಸ್ 1.2 ಕೋಟಿ ಮಡಿ. ಆರ್‌ನ ಒಂದು ಮಡಿ ಸುಮಾರು 4.9 ಮೈಕ್ರಾನ್ ಅಗಲ, ಎಸ್‌ದು 8.4 ಮೈಕ್ರಾನ್. 70 ಮೈಕ್ರಾನ್ ದಪ್ಪದ ಒಂದು ತಲೆಕೂದಲಿನ ಅಡ್ಡಕ್ಕೆ ಆರ್‌ನ ಪಿಕ್ಸೆಲ್ 14 ಕೂರುತ್ತೆ, ಎಸ್‌ದು 8.

ಈಗ ಮಳೆ ಬಂತು, ಅಂದ್ರೆ ಬೆಳಕು. ಎಸ್‌ನ ಒಂದು ಮಡಿಯಲ್ಲಿ ಮೂರರಷ್ಟು ನೀರು ನಿಲ್ಲುತ್ತೆ, ನಿಜ. ಆದ್ರೆ ಇಡೀ ಹೊಲಕ್ಕೆ ಬಿದ್ದ ಮಳೆ? ಎರಡಕ್ಕೂ ಒಂದೇ! ಮಡಿ ಚಿಕ್ಕದು ಮಾಡಿದ ತಕ್ಷಣ ಮೋಡ ಕಮ್ಮಿ ಸುರಿಸಲ್ಲ. ಮಡಿ ಜಾಸ್ತಿ ಆದ್ರೆ ಬದು ಜಾಸ್ತಿ, ಬದು ಮೇಲೆ ಬಿದ್ದ ನೀರು ವ್ಯರ್ಥ ಅನ್ನೋ ಮಾತು ಸರಿ. ಹಳೇ ಸೆನ್ಸರ್‌ಗಳಲ್ಲಿ ಅದು ದೊಡ್ಡ ನಷ್ಟವಾಗಿತ್ತು. ಆದ್ರೆ ಆರ್ ಬರೋ ಹೊತ್ತಿಗೆ ಪ್ರತಿ ಪಿಕ್ಸೆಲ್ ತಲೆ ಮೇಲೂ ಒಂದು ಪುಟಾಣಿ ಲೆನ್ಸ್ ಇತ್ತು. ಲೆನ್ಸ್ ಲೆನ್ಸ್ ನಡುವೆ ಜಾಗ ಬಿಡದೆ ಜೋಡಿಸಿದ್ರು. ಬದು ಮೇಲೆ ಬೀಳಬೇಕಿದ್ದ ನೀರೂ ಮಡಿಗೇ ಇಳೀತು.

ಇನ್ನೊಂದು ವಿಷಯ. ಕತ್ತಲ ಫೋಟೊದಲ್ಲಿ ಕಾಣೋ ಕಾಳುಕಾಳು ನಾಯ್ಸ್‌ನ ದೊಡ್ಡ ಪಾಲು ಸೆನ್ಸರ್ ಮಾಡಿದ್ದಲ್ಲ, ಬೆಳಕೇ ಹಾಗೆ. ಬೆಳಕು ಹನಿಹನಿಯಾಗಿ, ಲೆಕ್ಕ ತಪ್ಪಿ ಬೀಳುತ್ತೆ. ಸರಾಸರಿ 10,000 ಹನಿ ಬಿದ್ರೆ ಏರುಪೇರು ಸುಮಾರು 100, ಅಂದ್ರೆ ನೂರಕ್ಕೆ 1. ಸರಾಸರಿ 100 ಹನಿ ಬಿದ್ರೆ ಏರುಪೇರು ಸುಮಾರು 10, ನೂರಕ್ಕೆ 10. ಸೆಮ್ ಎರಡರ ಸ್ಟ್ಯಾಟಿಸ್ಟಿಕ್ಸ್‌ನ ಪಾಯ್ಸಾನ್ ವಿತರಣೆ ನೆನಪಿದೆಯಾ? ಅದೇ. ಪರೀಕ್ಷೆ ಬರೆದು ಮರೆತದ್ದು ಇಲ್ಲಿ ಕೆಲಸಕ್ಕೆ ಬಂತು.

ಹಾಗಾಗಿ ಎರಡೂ ಕ್ಯಾಮೆರಾದಿಂದ ಒಂದೇ ಸಂಜೆ, ಒಂದೇ ಲೆನ್ಸ್, ಒಂದೇ ಸೆಟಿಂಗ್‌ನಲ್ಲಿ ಫೋಟೊ ತೆಗೆದು, ಆರ್‌ನ ಫೋಟೊವನ್ನ 12 ಮೆಗಾಪಿಕ್ಸೆಲ್‌ಗೆ ಇಳಿಸಿ ಪಕ್ಕಪಕ್ಕ ಇಟ್ರೆ, ಸಾಮಾನ್ಯ ಐಎಸ್‌ಒಗಳಲ್ಲಿ ವ್ಯತ್ಯಾಸ ಹುಡುಕೋದು ಕಷ್ಟ. ಜನ ಮೋಸ ಹೋಗೋದು ಎಲ್ಲಿ ಅಂದ್ರೆ, ಎರಡನ್ನೂ ನೂರು ಪರ್ಸೆಂಟ್ ಝೂಮ್ ಮಾಡಿ ನೋಡ್ತಾರೆ. ಆಗ ಆರ್‌ನ ಚಿತ್ರವನ್ನ ಜಾಸ್ತಿ ಹಿಗ್ಗಿಸಿ ನೋಡಿದ ಹಾಗಾಗುತ್ತೆ. ಅದು ನ್ಯಾಯದ ಹೋಲಿಕೆ ಅಲ್ಲ.

7/9
ಹಾಗಾದ್ರೆ "ಎಸ್ ಕತ್ತಲ ರಾಜ" ಅನ್ನೋದು ಬರೀ ಬಿಲ್ಡಪ್ಪಾ? ಅಲ್ಲ. ಬ್ಯಾಂಕ್ ಲೆಕ್ಕದಲ್ಲಿ ಹೇಳ್ತೀನಿ.

ಒಂದು ಪಿಕ್ಸೆಲ್ ಓದಿದಾಗೆಲ್ಲ ಒಂದು ಸಣ್ಣ ತಪ್ಪು ಸೇರ್ಕೊಳ್ಳುತ್ತೆ. ಇದಕ್ಕೆ ರೀಡ್ ನಾಯ್ಸ್ ಅಂತಾರೆ. ಡೆಪಾಸಿಟ್ ಎಷ್ಟೇ ಇರಲಿ, ಪ್ರತಿ ವ್ಯವಹಾರಕ್ಕೆ 2 ರೂಪಾಯಿ ಚಾರ್ಜ್ ಅಂದ್ಕೊಳ್ಳಿ. ಎಸ್‌ನ ಒಂದು ಪಿಕ್ಸೆಲ್ ಇರೋ ಜಾಗದಲ್ಲಿ ಆರ್‌ನದು ಮೂರು. ಬೆಳಕು ಚೆನ್ನಾಗಿದ್ರೆ ಆ ಜಾಗಕ್ಕೆ 300 ರೂಪಾಯಿ ಬರುತ್ತೆ. ಎಸ್‌ಗೆ 2 ರೂಪಾಯಿ ಚಾರ್ಜ್, ಆರ್‌ಗೆ 6. ಮುನ್ನೂರರಲ್ಲಿ ಆರು ಯಾರ ಲೆಕ್ಕಕ್ಕೂ ಬರಲ್ಲ. ಈಗ ಕಗ್ಗತ್ತಲು, ಬಂದದ್ದೇ 6 ರೂಪಾಯಿ. ಎಸ್ ಹತ್ರ 4 ಉಳೀತು. ಆರ್ ಅದನ್ನ 2, 2, 2 ಅಂತ ಮೂರು ಡೆಪಾಸಿಟ್ ಮಾಡ್ತು, ಚಾರ್ಜಲ್ಲೇ ಎಲ್ಲ ಹೋಯ್ತು.

ನಿಜದಲ್ಲಿ ನಾಯ್ಸ್ ಹೀಗೆ ನೇರ ಕೂಡಲ್ಲ, ವರ್ಗಮೂಲದ ಲೆಕ್ಕದಲ್ಲಿ ಕೂಡುತ್ತೆ. 6ರ ಬದಲು ಸುಮಾರು 3.5 ಆಗುತ್ತೆ. ಆದ್ರೆ ದಿಕ್ಕು ಅದೇ. ಎಸ್‌ನ ಐಎಸ್‌ಒ 4,09,600ವರೆಗೂ ಹೋಗುತ್ತೆ, ಆರ್‌ದು 25,600ಕ್ಕೆ ನಿಲ್ಲುತ್ತೆ. ಆ ಕೊನೇ ಮೆಟ್ಟಿಲುಗಳ ಹತ್ರ ಎಸ್ ನಿಜವಾಗ್ಲೂ ಗೆಲ್ಲುತ್ತೆ. ಪ್ರಶ್ನೆ ಏನಂದ್ರೆ, ನೀವು ಅಲ್ಲಿಗೆ ಹೋಗ್ತೀರಾ? ಕಲ್ಯಾಣ ಮಂಟಪದಲ್ಲಿ ಕಣ್ಣಿಗೆ ಹೊಡೆಯೋಷ್ಟು ಲೈಟ್ ಇರುತ್ತೆ. ಕಾಲೇಜ್ ಫೆಸ್ಟ್ ಸ್ಟೇಜ್ ಮೇಲೂ ಅಷ್ಟೇ. ಬರೀ ಚಂದ್ರನ ಬೆಳಕಲ್ಲಿ ವಿಡಿಯೊ ಮಾಡೋರಿಗೆ ಬಿಟ್ರೆ ಆ ಮೆಟ್ಟಿಲು ಬೇಕಾಗೋದು ಅಪರೂಪ.

8/9
ಹಾಗಾದ್ರೆ ಜನ ಎಸ್‌ಗೆ ಜಾಸ್ತಿ ದುಡ್ಡು ಯಾಕೆ ಕೊಟ್ರು? ವಿಡಿಯೊಗೆ. ಎಸ್ ಬಂದ ವೇದಿಕೆ ನೋಡಿ: ಲಾಸ್ ವೇಗಸ್‌ನ ಎನ್‌ಎಬಿ ಪ್ರದರ್ಶನ. ಅದು ಪ್ರಸಾರ ಉದ್ಯಮದವರ ಸಂತೆ, ಫೋಟೊದವರದ್ದಲ್ಲ.

4ಕೆ ವಿಡಿಯೊದ ಒಂದು ಫ್ರೇಮ್ 3840 ಅಡ್ಡ, 2160 ಎತ್ತರ, ಸುಮಾರು 83 ಲಕ್ಷ ಪಿಕ್ಸೆಲ್. ಎಸ್‌ನ ಅಗಲ 4240 ಪಿಕ್ಸೆಲ್. ಅಂದ್ರೆ ಹೆಚ್ಚುಕಮ್ಮಿ ಅಳತೆ ಕೊಟ್ಟು ಹೊಲಿಸಿದ ಬಟ್ಟೆ. ಪೂರ್ತಿ ಅಗಲವನ್ನ, ಒಂದೂ ಸಾಲು ಬಿಡದೆ, ಸೆಕೆಂಡಿಗೆ ಮೂವತ್ತು ಸಲದ ತನಕ ಓದಬಹುದು. ಆರ್‌ನ ಅಗಲ 7360. ಅಷ್ಟನ್ನೂ ಆ ವೇಗದಲ್ಲಿ ಓದೋಕೆ ಆಗಿನ ಚಿಪ್‌ಗೆ ಆಗ್ತಿರಲಿಲ್ಲ, ಹಾಗಾಗಿ ವಿಡಿಯೊ ಮಾಡುವಾಗ ಸಾಲು ಬಿಟ್ಟು ಬಿಟ್ಟು ಓದೋದು. ಪರಿಣಾಮ? ಸಣ್ಣ ಚೌಕಳಿ ಇರೋ ಸೀರೆ ಮೇಲೆ ಕಾಮನಬಿಲ್ಲಿನ ಅಲೆ ಓಡಾಡುತ್ತೆ. ಓರೆ ಗೆರೆಗಳೆಲ್ಲ ಮೆಟ್ಟಿಲು ಮೆಟ್ಟಿಲು.

ಅಂದ್ರೆ ಪಿಕ್ಸೆಲ್ ಕಮ್ಮಿ ಮಾಡಿದ್ದರ ದೊಡ್ಡ ಲಾಭ ಬೆಳಕು ಅಲ್ಲ, ಓದೋ ವೇಗ. ನಾನು ಇಷ್ಟುದ್ದ ಬರೆದದ್ದು ಇದೊಂದು ಸಾಲಿಗೋಸ್ಕರ.

ಎಸ್ ಪೂರಾ ಸಾಚಾ ಅಂತಾನೂ ಅಲ್ಲ. 4ಕೆ ಕ್ಯಾಮೆರಾ ಅಂತ ಹೆಸರು, ಆದ್ರೆ ಕಾರ್ಡ್‌ಗೆ 4ಕೆ ರೆಕಾರ್ಡ್ ಆಗಲ್ಲ. ಎಚ್‌ಡಿಎಂಐ ತಂತಿ ಹಾಕಿ ಹೊರಗೊಂದು ರೆಕಾರ್ಡರ್ ಇಡಬೇಕು. ಒಳಗೆ ಆಗೋದು 1080 ಮಾತ್ರ. ಸೆಕೆಂಡ್ ಹ್ಯಾಂಡ್ ಮಾರೋರು ಇದನ್ನ ಹೇಳದೇ ಇರಬಹುದು, ನೀವೇ ಕೇಳಿ. ಅದರ ಸೈಲೆಂಟ್ ಶಟರ್ ನಾಟಕ, ಸಂಗೀತ ಕಚೇರಿಗೆ ವರ, ಆದ್ರೆ ತಿರುಗೋ ಫ್ಯಾನ್ ತೆಗೆದ್ರೆ ರೆಕ್ಕೆ ಬಾಗಿ ಬರುತ್ತೆ, ಯಾಕಂದ್ರೆ ಸೆನ್ಸರ್ ಮೇಲಿಂದ ಕೆಳಗೆ ಸಾಲುಸಾಲಾಗಿ ಓದುತ್ತೆ. ಆರ್‌ನ ಶಟರ್ ಇದಕ್ಕೆ ಉಲ್ಟಾ: ಟಪಾ ಟಪಾ ಅಂತ ಎರಡು ಸಲ ಬಡಿಯುತ್ತೆ, ತಾಳಿ ಕಟ್ಟೋ ಹೊತ್ತಲ್ಲಿ ಪುರೋಹಿತರು ತಿರುಗಿ ನೋಡೋಷ್ಟು.

ಆರ್ ಗೆಲ್ಲೋದು ಪ್ರಿಂಟ್‌ನಲ್ಲಿ. ಮದುವೆ ಆಲ್ಬಂನ ಎರಡು ಪುಟಕ್ಕೂ ಹರಡಿದ 36 ಇಂಚಿನ ಒಂದೇ ಫೋಟೊಗೆ ಆರ್ ಇಂಚಿಗೆ 204 ಪಿಕ್ಸೆಲ್ ಕೊಡುತ್ತೆ, ಎಸ್ 118. ಅಲ್ಲಿ ಕಣ್ಣಿಗೇ ಗೊತ್ತಾಗುತ್ತೆ. ಬೆಲೆ ಇದೆ ಅದಕ್ಕೂ: ಆರ್‌ನ ಒಂದು ರಾ ಫೈಲ್ ಸುಮಾರು 36 ಎಂಬಿ, ಎಸ್‌ದು ಸುಮಾರು 12. ಹಾರ್ಡ್ ಡಿಸ್ಕ್ ಖರ್ಚನ್ನ ಯಾರೂ ಕ್ಯಾಮೆರಾ ಬಜೆಟ್‌ನಲ್ಲಿ ಸೇರಿಸಲ್ಲ. ಬಿಕಾಂ ಓದೋರಾದ್ರೂ ಸೇರಿಸಿ ಮಾರಾಯ್ರೇ. ಅಂದ ಹಾಗೆ ನಾವು ಇಲ್ಲಿ ಹಾಕೋ 1080 ಅಡ್ಡ 1350ರ ಪೋಸ್ಟ್ ಒಂದೂವರೆ ಮೆಗಾಪಿಕ್ಸೆಲ್ ಕೂಡ ಇಲ್ಲ.

9/9
ಆಮೇಲೆ ಏನಾಯ್ತು? 2015ರ ಜೂನ್‌ನಲ್ಲಿ ಎ7ಆರ್ 2 ಬಂತು. 42.4 ಮೆಗಾಪಿಕ್ಸೆಲ್, ಮತ್ತು ಫುಲ್ ಫ್ರೇಮ್‌ನಲ್ಲಿ ಮೊದಲ ಬಾರಿಗೆ ಬ್ಯಾಕ್ ಇಲ್ಯುಮಿನೇಟೆಡ್ ಸೆನ್ಸರ್. ಮಾಮೂಲಿ ಸೆನ್ಸರ್‌ನಲ್ಲಿ ತಂತಿಗಳ ಜಾಲ ಹೊಲದ ಮೇಲೆ ಚಪ್ಪರದ ಹಾಗೆ ಇರುತ್ತೆ, ಬೆಳಕು ಅದರ ಸಂದಿಯಿಂದ ಇಳೀಬೇಕು. ಇಲ್ಲಿ ಚಿಪ್‌ನ ತಲೆಕೆಳಗು ಮಾಡಿ ತಂತಿಗಳನ್ನ ಹೊಲದ ಅಡಿಗೆ ಕಳಿಸಿದ್ರು. 4ಕೆ ವಿಡಿಯೊನೂ ಕ್ಯಾಮೆರಾ ಒಳಗೇ ರೆಕಾರ್ಡ್ ಆಯ್ತು. ಪಿಕ್ಸೆಲ್ ಜಾಸ್ತಿ ಇದ್ರೆ ವೇಗ ಇರಲ್ಲ ಅನ್ನೋ ಗೋಡೆ ಅಲ್ಲಿಂದ ಬಿರುಕು ಬಿಡೋಕೆ ಶುರು. ಎಸ್ ವಂಶಾನೂ ಸಾಯಲಿಲ್ಲ: ಎ7ಎಸ್ 2 ಕ್ಯಾಮೆರಾವನ್ನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಜಪಾನ್ ಘಟಕ ಕಿಬೊದ ಹೊರಗೇ ಕೂರಿಸಿದ್ರು.

2016ರ ಏಪ್ರಿಲ್‌ನಲ್ಲಿ ಜಪಾನ್‌ನ ಕುಮಾಮೊಟೊದಲ್ಲಿ ಭೂಕಂಪ ಆಯ್ತು. ಅಲ್ಲಿನ ಸೋನಿ ಸೆನ್ಸರ್ ಫ್ಯಾಕ್ಟರಿ ನಿಂತುಹೋಯ್ತು. ಒಂದು ಊರು ಅಲ್ಲಾಡಿದ್ದಕ್ಕೆ ಬೇರೆ ಬೇರೆ ಬ್ರ್ಯಾಂಡ್‌ಗಳ ಕ್ಯಾಮೆರಾಗಳು ತಡ ಆದವು. ಬಾಕ್ಸ್ ಮೇಲಿನ ಹೆಸರು ಬೇರೆ, ಒಳಗಿನ ಕಣ್ಣು ಒಂದೇ ಕಡೆಯದು ಅಂತ ಆಗ ತುಂಬಾ ಜನಕ್ಕೆ ಗೊತ್ತಾಯ್ತು. 2022ರ ಡಿಸೆಂಬರ್‌ನಲ್ಲಿ ಆಪಲ್‌ನ ಟಿಮ್ ಕುಕ್ ಅದೇ ಕುಮಾಮೊಟೊಗೆ ಹೋಗಿ, ಐಫೋನ್ ಕ್ಯಾಮೆರಾದ ಸೆನ್ಸರ್‌ಗೆ ಹತ್ತು ವರ್ಷಕ್ಕೂ ಮೇಲಿಂದ ಸೋನಿ ಜೊತೆ ಕೆಲಸ ಮಾಡ್ತಿದ್ದೀವಿ ಅಂತ ಬಹಿರಂಗವಾಗೇ ಹೇಳಿದ್ರು.

ಫೋನ್ ಮಾತು ಬಂತಲ್ಲ, 2019ರಲ್ಲಿ ಇಲ್ಲಿ ಬಂದ ರೆಡ್ಮಿ ನೋಟ್ 7 ಪ್ರೊ ನೆನಪಿದೆಯಾ? ಹಿಂದೆ ದೊಡ್ಡದಾಗಿ 48 ಮೆಗಾಪಿಕ್ಸೆಲ್ ಅಂತ ಬರೆದಿತ್ತು. ಒಳಗಿದ್ದದ್ದು ಸೋನಿಯ ಐಎಂಎಕ್ಸ್ 586, ಒಂದು ಪಿಕ್ಸೆಲ್ 0.8 ಮೈಕ್ರಾನ್. ಮಾಮೂಲಿ ಮೋಡ್‌ನಲ್ಲಿ ಅದು ನಾಲ್ಕು ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ ಕೊಡ್ತಿದ್ದದ್ದು ಎಷ್ಟು ಗೊತ್ತಾ? 12 ಮೆಗಾಪಿಕ್ಸೆಲ್. ಬಾಕ್ಸ್ ಮೇಲೆ ಆರ್, ಗ್ಯಾಲರಿ ಒಳಗೆ ಎಸ್!

ಸೆಕೆಂಡ್ ಹ್ಯಾಂಡ್ ನೋಡೋಕೆ ಹೋಗೋರು ಇಷ್ಟು ಮಾಡಿ: ಲೆನ್ಸ್ ಕ್ಯಾಪ್ ಹಾಕಿ, ಐಎಸ್‌ಒ 3200, ಹತ್ತು ಸೆಕೆಂಡ್ ಶಟರ್, ಒಂದು ಫೋಟೊ. ಕಪ್ಪಲ್ಲಿ ಕೆಂಪು, ಬಿಳಿ ಚುಕ್ಕಿ ತುಂಬಾ ಕಂಡ್ರೆ ರೇಟ್ ಇಳಿಸಿ ಕೇಳಿ. ಆಮೇಲೆ ನಿಮ್ಮ ಚೌಕಳಿ ಶರ್ಟ್‌ನ ಒಂದು ನಿಮಿಷ ವಿಡಿಯೊ ಮಾಡಿ ಮನೆಗೆ ಬಂದು ದೊಡ್ಡ ಸ್ಕ್ರೀನ್‌ನಲ್ಲಿ ನೋಡಿ. ಮುಂದಿನ ಸೀರೀಸ್ ಶಟರ್ ಬಗ್ಗೆ. ಡೌಟ್ ಇದ್ರೆ ಕೆಳಗೆ ಹಾಕಿ, ಇಂಟರ್ನಲ್ಸ್ ಮುಗಿದ ಮೇಲೆ ಉತ್ತರಿಸ್ತೀನಿ.

#ಕನ್ನಡದಲ್ಲಿ_ಕ್ಯಾಮೆರಾ #ಸೆನ್ಸರ್_ಕಥೆ #ಮಿರರ್‌ಲೆಸ್